ನಾಮಕರಣಕ್ಕೆ ಮುಂಚೆ ಬೆಳೆದ ಗೋಧಿ

ಶಾಲೆಯಲ್ಲಿ ವಿಜ್ಞಾನ ಕಲಿಸುವುದನ್ನು ಬಿಟ್ಟು ನಾನು ದೆಹಲಿಯ ಸಂಶೋಧನಾಲಯವೊಂದರಲ್ಲಿ ತಾಂತ್ರಿಕ ಸಹಾಯಕಿಯಾಗಿ ಸೇರಿದ್ದು ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ. ಪತಿಗೆ ಆರ್.ಕೆ.ಪುರಂನಲ್ಲಿ ಸರ್ಕಾರಿ ಕ್ವಾರ್ಟರ್ಸ್ ಸಿಕ್ಕಿತ್ತು. ಪ್ರಯೋಗಾಲಯದಲ್ಲಿ ನನ್ನೊಡನೆ ಕನ್ನಡ ಮಾತನಾಡುತ್ತಿದ್ದವಳು ಒಬ್ಬಳೇ, ತುಮಕೂರಿನಿಂದ ಪಿಎಚ್‌ಡಿಗೆ ಬಂದಿದ್ದ ಸಂಶೋಧಕಿ.

ಘಾಜಿಯಾಬಾದಿನ ಆಚೆ, ಉಪ್ಪು ಬೆಳ್ಳಗೆ ಮೇಲೆದ್ದಿದ್ದ ಹೊಲವೊಂದರಲ್ಲಿ ಕೆಲವೇ ಗೋಧಿ ಗಿಡಗಳು ಹಸಿರಾಗಿ ನಿಂತಿದ್ದುವು. ಅವುಗಳ ಬೇರಿಗಂಟಿದ ಮಣ್ಣಿನಿಂದ ಅವಳು ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದಳು. ಅವುಗಳಲ್ಲೊಂದನ್ನು ಬೀಜಕ್ಕೆ ಲೇಪಿಸಿದಾಗ ಉಪ್ಪುಮಣ್ಣಿನ ಕುಂಡದಲ್ಲೂ ಗೋಧಿ ಸೊಂಪಾಗಿ ಎದ್ದಿತು. ರೈತರಿಗೆ ಪೊಟ್ಟಣದಲ್ಲಿ ಕೊಡಬಹುದಾದ ಗೊಬ್ಬರವಾದೀತೆಂದು ಅವಳ ಮಾರ್ಗದರ್ಶಕರು ನಂಬಿದ್ದರು. ಅವಳ ಪ್ರಬಂಧವಂತೂ ಆ ಒಂದು ಬ್ಯಾಕ್ಟೀರಿಯಾದ ಮೇಲೆಯೇ ನಿಂತಿತ್ತು.

ಅದು ಯಾವುದೆಂದು ನಮಗಿನ್ನೂ ತಿಳಿದಿರಲಿಲ್ಲ. ಡಿಎನ್‌ಎ ಓದಿಸಲು ಹೊರಗಿನ ಕಂಪನಿಗೆ ಕಳುಹಿಸಬೇಕಾಗಿತ್ತು. ಅದು ದುಬಾರಿಯಾದ್ದರಿಂದ ಕುಂಡದಲ್ಲಿ ಗೆದ್ದದ್ದನ್ನು ಮಾತ್ರ ಕಳುಹಿಸುವುದು ನಮ್ಮಲ್ಲಿನ ಪದ್ಧತಿ. ಮೊದಲು ಬೆಳೆ, ಅನಂತರ ಹೆಸರು.

"ಅಕ್ಕಾ, ಇದರ ನಾಮಕರಣದ ದಿನ ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ನಿಮಗೊಂದು ಕುರ್ತಾ ಕೊಡಿಸ್ತೀನಿ."

"ಹೆಸರಿಡೋ ಸೋದರತ್ತೆ ನಾನೇ ತಾನೆ? ಕುರ್ತಾ ಸಾಲದು, ಸೀರೆ ಬೇಕು."

ಬಲೆ ಹೊದಿಸಿದ ಗಿಡಮನೆಯಲ್ಲಿ ಕುಂಡಗಳಿಗೆ ಆ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ಸಿಂಪಡಿಸುತ್ತಿದ್ದವರು ನಮ್ಮ ಮಾಲಿ. ಹಿಂದೆ ಕ್ಷಯ ಬಂದು ವಾಸಿಯಾಗಿದ್ದವರು. ಕೆಮ್ಮು ಮಾತ್ರ ಉಳಿದಿತ್ತು. ಅವರಿಗೆ ಮುಖಕ್ಕೆ ಕಟ್ಟಿಕೊಳ್ಳಲು ಯಾರೂ ಏನೂ ಕೊಟ್ಟಿರಲಿಲ್ಲ. ಮಣ್ಣಿನಲ್ಲೇ ಇರುವ ಜೀವಿ, ಮಣ್ಣಿನಲ್ಲಿ ಕೈಯಾಡಿಸುವವರಿಗೆ ಏನು ಮಾಡೀತು ಎಂಬುದು ಇಡೀ ವಿಭಾಗದ ತರ್ಕ.

ಆ ಚಳಿಗಾಲ ಮಾಲಿ ಜ್ವರದಿಂದ ಸರ್ಕಾರಿ ಆಸ್ಪತ್ರೆ ಸೇರಿದರು. ಅದೇ ವಾರ ಕಂಪನಿಯ ವರದಿ ಬಂದಿತು. ಅವಳು ಕಂಪ್ಯೂಟರಿನ ಮುಂದೆ ಕುಳಿತು ಓದಿದಳು, ಮತ್ತೊಮ್ಮೆ ಓದಿದಳು, ಅನಂತರ ನನಗೆ ಜಾಗ ಬಿಟ್ಟು ಎದ್ದಳು. ಈರುಳ್ಳಿಯನ್ನು ಕೊಳೆಸುವ ರೋಗದಲ್ಲಿ ಮೊದಲು ಗುರುತಿಸಲಾದ ಗುಂಪಿನದು ನಮ್ಮ ಬ್ಯಾಕ್ಟೀರಿಯಾ. ಗಿಡಕ್ಕೆ ಪುಷ್ಟಿ ಕೊಡುವುದು ನಿಜ; ದುರ್ಬಲವಾದ ಶ್ವಾಸಕೋಶವನ್ನು ಹೊಕ್ಕರೆ ಔಷಧಕ್ಕೆ ಸುಲಭವಾಗಿ ಬಗ್ಗದೆಂಬುದೂ ಅಷ್ಟೇ ನಿಜ.

ಮಾರ್ಗದರ್ಶಕರು ನಗುತ್ತಲೇ ಹಿಂದಿಯಲ್ಲಿ ಹೇಳಿದರು: "ಅಚ್ಛಾ, ಪ್ರಬಂಧದಲ್ಲಿ ಪೂರ್ತಿ ಹೆಸರು ಬೇಡ. ವಂಶದ ಹೆಸರು ಬರೆದು ನಿಲ್ಲಿಸು. ಆ ವಂಶದಲ್ಲಿ ಸಾಧುಗಳೂ ಇದ್ದಾರೆ."

"ಸರ್, ಮಾಲಿ ಭಯ್ಯಾ ಆಸ್ಪತ್ರೆಯಲ್ಲಿದ್ದಾರೆ."

"ದಿಲ್ಲಿಯ ಚಳಿಯಲ್ಲಿ ಯಾರಿಗೆ ಕೆಮ್ಮಿಲ್ಲ? ಚಲೋ, ಕೆಲಸ ನೋಡು."

ನಾವಿಬ್ಬರೂ ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ಅವಳು ವರದಿಯನ್ನು ತೋರಿಸಿ, ಕಫದಲ್ಲಿ ಇದನ್ನೂ ಹುಡುಕಿರೆಂದು ಕೇಳಿಕೊಂಡಳು. ಹಳೆಯ ಟಿಬಿ ಮರುಕಳಿಸಿದೆ, ನೀವು ಕೇಳುವ ಪರೀಕ್ಷೆ ಇಲ್ಲಿಲ್ಲ ಎಂದರು ವೈದ್ಯರು. ಮಾಲಿ ಕಣ್ತೆರೆದು ಅವಳನ್ನು ಗುರುತಿಸಿದರು. "ಬೇಟಿ, ಗಿಡಗಳಿಗೆ ನೀರು ಹಾಕ್ತಿರೋದು ಯಾರು?" ಎಂದು ಕೇಳಿದರು. ಆ ವಾರ ಮುಗಿಯುವ ಮೊದಲೇ ಅವರು ತೀರಿಕೊಂಡರು.

ಮರುದಿನ ಅವಳು ಗೋಧಿಯನ್ನು ಮಣ್ಣುಸಮೇತ ಕಿತ್ತು ಚೀಲಗಳಿಗೆ ತುಂಬಿದಳು. ಫ್ರೀಜರಿನಲ್ಲಿ ಆ ಬ್ಯಾಕ್ಟೀರಿಯಾವನ್ನು ಕಾಪಿಟ್ಟಿದ್ದ ಶೀಶೆಗಳನ್ನೂ ತಂದಳು. ಆಟೋಕ್ಲೇವ್ ಎಂಬುದು ಆಳೆತ್ತರದ ಪ್ರೆಷರ್ ಕುಕ್ಕರಿನಂಥದು. ಅದರ ಆವಿಯಲ್ಲಿ ಯಾವ ಜೀವಿಯೂ ಉಳಿಯದು. ಒಂದು ಶೀಶೆಯನ್ನಾದರೂ ಇಟ್ಟುಕೋ, ಪದವಿ ಹೋಗುತ್ತದೆ ಎಂದೆ. "ಇಟ್ಟುಕೊಂಡರೆ ಸರ್ ಅದನ್ನು ಪೊಟ್ಟಣ ಕಟ್ಟಿಸ್ತಾರೆ, ಅಕ್ಕಾ," ಎಂದು ಮುಚ್ಚಳವನ್ನು ಬಿಗಿದಳು.

ಆವಿ ಇಳಿದ ಮೇಲೆ ಮುಚ್ಚಳ ತೆಗೆದೆವು. ಬೆಂದ ಮಣ್ಣಿನ ಜೊತೆಗೆ ಹಸಿ ಹುಲ್ಲು ಬೆಂದ ವಾಸನೆ ಕೋಣೆ ತುಂಬಿತು.

"ಅವರಿಗೆ ತಗುಲಿದ್ದು ಇದೇನಾ, ಅಕ್ಕಾ?"

"ಗೊತ್ತಿಲ್ಲ," ಎಂದೆ.

ತಿಳಿದುಕೊಳ್ಳುವ ದಾರಿಯೂ ಇರಲಿಲ್ಲ. ಅವರ ಕಫವನ್ನು ಯಾರೂ ಉಳಿಸಿರಲಿಲ್ಲ. ಹೋಲಿಸಿ ನೋಡಲು ನಮ್ಮ ಬಳಿಯೂ ಇನ್ನೇನೂ ಉಳಿದಿರಲಿಲ್ಲ. ಬಿಸಿ ಚೀಲಗಳನ್ನು ಇಬ್ಬರೂ ಹಿಡಿದು ಹಿತ್ತಲಿನ ಗುಂಡಿಗೆ ಸುರಿದೆವು. ಹಿಂದಿರುಗುವಾಗ ಅವಳು ಗಿಡಮನೆಯ ನಲ್ಲಿಯನ್ನು ಮುಚ್ಚಿ, ಮಾಲಿಯ ಸಿಂಪಡಿಕೆ ಡಬ್ಬವನ್ನು ಎತ್ತಿಕೊಂಡು ಆಟೋಕ್ಲೇವಿನ ಕಡೆಗೆ ಮತ್ತೆ ನಡೆದಳು.