ಅವ್ವನಿಗೆ ಹೇಳಿದ ಕನಸು

ಅಪ್ಪ ತೀರಿಕೊಂಡ ಮೇಲೆ ಊರಲ್ಲಿ ಎಲ್ಲರ ಕನಸಿಗೂ ಬಂದ. ಡೇರಿಯಲ್ಲಿ ಹಾಲು ಅಳೆಯುವವನ ಕನಸಿಗೆ ಬಂದು, ನಮ್ಮ ಹಾಲಿಗೆ ಫ್ಯಾಟ್ ಎಷ್ಟು ಬಂತು ಎಂದು ಕೇಳಿದನಂತೆ. ಎದುರು ಮನೆಯ ಚಿಕ್ಕವ್ವನ ಕನಸಿಗೆ ಬಂದು ಮೆಣಸಿನಕಾಯಿ ಬೋಂಡ ಕೇಳಿದನಂತೆ. ಆಕೆ ಮರುದಿನವೇ ಬಾಣಲೆ ಇಟ್ಟು ಕರಿದು ತಂದು ಅಪ್ಪನ ಫೋಟೋ ಮುಂದೆ ಎಡೆ ಇಟ್ಟು ಹೋದಳು. ನಮ್ಮ ಕಡೆ ಹಾಗೆಯೇ. ಸತ್ತವರು ಯಾರ ಕನಸಿಗೆ ಬಂದರೂ ಕಂಡವರು ಬಂದು ಮನೆಯವರಿಗೆ ತಿಳಿಸಬೇಕು, ಸತ್ತವರು ಏನಾದರೂ ಕೇಳಿದ್ದರೆ ಅದನ್ನು ಮಾಡಿಬಿಡಬೇಕು. ಬದುವಿನ ಜಗಳದಲ್ಲಿ ಮಾತು ಬಿಟ್ಟಿದ್ದವನ ಕನಸಿಗೂ ಅಪ್ಪ ಹೋಗಿ, ಪಕ್ಕದಲ್ಲಿ ಕೂತು ಎದ್ದುಬಂದಿದ್ದ. ಅದನ್ನು ಕೇಳಿ ನನಗೆ ಮೈ ಉರಿದುಹೋಯಿತು. ಊರೆಲ್ಲ ಸುತ್ತಲು ಪುರಸೊತ್ತಿರುವ ಈ ಮನುಷ್ಯನಿಗೆ ತನಗೊಬ್ಬಳು ಮಗಳಿದ್ದಾಳೆ ಎನ್ನುವುದು ಮರೆತೇಹೋಯಿತೇ?

ನನ್ನ ಕನಸಿಗೆ ಅವನು ಬರಲಿಲ್ಲ. ಅವ್ವನ ಕನಸಿಗೂ ಬರಲಿಲ್ಲ. ಬರಬೇಕೆಂದರೂ ಅವ್ವ ಮಲಗಿದರೆ ತಾನೆ?

ಕೈಲಾಂಚದ ಕಡೆಯ ಒಂದು ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುವ ಮನೆ ನಮ್ಮದು. ಹುಳು ಬೆಳೆಯುವಾಗ ನಡುನಡುವೆ ಮೇಯುವುದನ್ನು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ನಿಂತುಬಿಡುತ್ತದೆ. ಅದಕ್ಕೆ ಜ್ವರ ಎನ್ನುತ್ತೇವೆ. ಮಲಗಿವೆ, ಸದ್ದು ಮಾಡಬೇಡ ಎಂದು ಅವ್ವ ಚಿಕ್ಕಂದಿನಲ್ಲಿ ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಹುಳು ಕೊನೆಯ ಜ್ವರದಿಂದ ಎದ್ದಿತೆಂದರೆ ಮನೆಯವರ ನಿದ್ದೆ ಮುಗಿಯಿತು. ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು. ಆಮೇಲೆ ಅವು ಮೇವು ಸಾಕಾಗಿ ಹಣ್ಣಾಗತೊಡಗಿದರೆ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಆ ದಿನಗಳಲ್ಲಿ ಎಷ್ಟು ಕೈ ಇದ್ದರೂ ಸಾಲದು.

ಅಪ್ಪ ಫೋನ್ ಮಾಡಿ ಕರೆದಿದ್ದ. ತಮ್ಮನಿಗೆ ಬಿಡದಿಯ ಕಾರ್ಖಾನೆಯಲ್ಲಿ ರಜ ಸಿಕ್ಕಿಲ್ಲ, ತಮ್ಮನ ಹೆಂಡತಿ ಹೆರಿಗೆಗೆಂದು ತವರಿಗೆ ಹೋಗಿದ್ದಾಳೆ, ನೀನು ಒಂದೆರಡು ದಿನ ಬಂದು ಹೋಗು ಎಂದ. ನಾನು ಚನ್ನಪಟ್ಟಣದ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುವವಳು. ಪೇಪರ್ ತಿದ್ದುವುದಿದೆ ಎಂದೆ. ತಿದ್ದುವುದಿದ್ದದ್ದು ನಿಜ. ಆದರೆ ಹಿಂದಿನ ಬೆಳೆಯಲ್ಲಿ ಬಗ್ಗಿ ಬಗ್ಗಿ ಹುಳು ಆರಿಸಿ ಸೊಂಟ ಹಿಡಿದುಕೊಂಡಿತ್ತು, ಈ ಸಲ ಆ ಗೋಳು ಬೇಡ ಅನ್ನಿಸಿತ್ತು, ಅದೂ ನಿಜ. ಎರಡನೆಯದನ್ನು ಹೇಳಲಿಲ್ಲ. ಅಪ್ಪ ಒತ್ತಾಯ ಮಾಡಲಿಲ್ಲ. "ಆಯ್ತು ಬುಡು ಮಗ, ನಾವೇ ಎಂಗೋ ಮಾಡ್ಕತೀವಿ" ಎಂದು ಫೋನ್ ಇಟ್ಟ. ಅವನು ನನ್ನೊಂದಿಗೆ ಆಡಿದ ಕೊನೆಯ ಮಾತು ಅದು.

ಅವರಿಬ್ಬರೇ ಕಣ್ಣಿಗೆ ಕಣ್ಣು ಹಚ್ಚದೆ ಹುಳು ಬಿಟ್ಟು ಮುಗಿಸಿದರು. ಮುಗಿದ ಮಧ್ಯಾಹ್ನ ಅವ್ವ ಉಂಡ ಕೈ ತೊಳೆದವಳೇ ಅಡುಗೆಮನೆಯಲ್ಲಿ ಸೆರಗು ಹಾಸಿಕೊಂಡು ಮಲಗಿದಳು. ಅಪ್ಪ ಜಗಲಿಯ ಮೇಲೆ ಒರಗಿದ. ಹಾಲು ಕರೆಯುವ ಹೊತ್ತು ಮೀರಿ ಹಸು ಕೂಗಿಕೊಂಡಾಗ ಅವ್ವನಿಗೆ ಎಚ್ಚರವಾಯಿತು. ಅಪ್ಪನಿಗೆ ಆಗಲಿಲ್ಲ. ಎದೆಯ ಮೇಲಿನ ಕೈ ಅಂಗಿಯನ್ನು ಹಿಡಿದೇ ಇತ್ತು. ನೀರಿನ ಚೊಂಬು ಉರುಳಿ ಜಗಲಿಯ ಕೆಳಗೆ ಬಿದ್ದಿತ್ತು.

"ಕೂಗಿರ್ತಾರೆ ಕಣ್ ಮಗ. ನಂಗೆ ಕೇಳ್ನಿಲ್ಲ." ಅವ್ವ ಬಂದವರ ಮುಂದೆಲ್ಲ ಹೇಳಿದ್ದು ಇಷ್ಟೇ. ಅತ್ತಿದ್ದೂ ಕಡಿಮೆ.

ಅವತ್ತಿನಿಂದ ಅವಳು ಬೆನ್ನು ನೆಲಕ್ಕೆ ಹಾಕಲಿಲ್ಲ. ಗೋಡೆಗೆ ಒರಗಿ ಕೂರುತ್ತಿದ್ದಳು. ತಲೆ ತೂಗಿ ಎದೆಗೆ ಬಂತೆಂದರೆ ಬೆಚ್ಚಿ ಎದ್ದು, ಬಂದೆ ಎನ್ನುತ್ತಿದ್ದಳು. ಯಾರೂ ಕರೆದಿರುತ್ತಿರಲಿಲ್ಲ. ಡಾಕ್ಟರು ನಿದ್ದೆಗೆಂದು ಬರೆದುಕೊಟ್ಟ ಮಾತ್ರೆಗಳನ್ನು ಮುಟ್ಟಲಿಲ್ಲ. ಮೈ ಇಳಿಯಿತು. ಒಂದು ಬೆಳಿಗ್ಗೆ ರಾಗಿ ಮುದ್ದೆ ತಿರುವುತ್ತಾ ತೂಕಡಿಸಿ ಒಲೆಯ ಕಡೆಗೆ ವಾಲಿದಳು. ಪುಣ್ಯಕ್ಕೆ ತಮ್ಮ ಪಕ್ಕದಲ್ಲೇ ಇದ್ದ, ಮೊಣಕೈ ಮಾತ್ರ ಸುಟ್ಟಿತು. ಹೀಗೇ ಬಿಟ್ಟರೆ ಅವ್ವನೂ ನಮ್ಮ ಕೈ ತಪ್ಪುತ್ತಾಳೆ ಎಂದು ತಮ್ಮ ಫೋನಿನಲ್ಲಿ ಅತ್ತ. ನಾನು ಹೋಗಿ ಎರಡು ದಿನ ಹುಳು ಆರಿಸಿದ್ದರೆ ಅವ್ವ ಸರದಿಯಲ್ಲಿ ಮಲಗುತ್ತಿದ್ದಳು, ಆ ಮಧ್ಯಾಹ್ನ ಒಬ್ಬರಾದರೂ ಎಚ್ಚರವಾಗಿರುತ್ತಿದ್ದರು. ಈ ಲೆಕ್ಕ ಯಾರೂ ನನ್ನ ಮುಖದ ಮುಂದೆ ಹಾಕಲಿಲ್ಲ. ನಾನೇ ದಿನವೂ ಹಾಕಿಕೊಂಡೆ.

ಆ ವಾರ ಕ್ಲಾಸಿನಲ್ಲಿ ಸಮ್ಮೋಹನದ ಪಾಠವಿತ್ತು. ಊಟವಾದ ಮೇಲಿನ ಪೀರಿಯಡ್ಡು. ಸಮ್ಮೋಹನವನ್ನು ನಾನು ಮಾಡುವ ಅಗತ್ಯವೇ ಇರಲಿಲ್ಲ, ಹಿಂದಿನ ಬೆಂಚುಗಳು ಆಗಲೇ ಆ ಸ್ಥಿತಿಯಲ್ಲಿದ್ದವು. ಸೂಚನೆ ಮನಸ್ಸಿಗೆ ಇಳಿಯಬೇಕಾದರೆ ಹೇಳುವವರ ಮೇಲೆ ನಂಬಿಕೆ ಇರಬೇಕು, ಹೇಳಿದ್ದು ಕಣ್ಣಿಗೆ ಕಟ್ಟುವಂತಿರಬೇಕು, ಸಣ್ಣಪುಟ್ಟ ವಿವರ ತುಂಬಿದಷ್ಟೂ ಒಳ್ಳೆಯದು ಎಂದು ನಾನು ಹೇಳುತ್ತಾ ಹೋದೆ. ಹೇಳುತ್ತಾ ಹೇಳುತ್ತಲೇ ಅವ್ವ ನೆನಪಾದಳು. ಊರಿಗೆ ಊರೇ ಅಪ್ಪನ ಕನಸು ಹೊತ್ತು ತರುತ್ತಿರುವಾಗ ನಾನೊಂದು ತಂದರೆ ಏನು ತಪ್ಪು?

ಭಾನುವಾರ ಹೋದೆ. ಅವ್ವ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಕೂತೆ. ಒಂದಷ್ಟು ಕಾಯಿ ಸುಲಿದ ಮೇಲೆ, ಅಪ್ಪ ಕನಸಿಗೆ ಬಂದಿದ್ದ ಎಂದೆ. ಮೆಲ್ಲಗೆ, ಪಾಠದಲ್ಲಿದ್ದ ಹಾಗೆಯೇ, ಒಂದೇ ದನಿಯಲ್ಲಿ ಹೇಳಿದೆ. ಹುಳದ ಮನೆಯಲ್ಲಿ ನಿಂತಿದ್ದ. ತಟ್ಟೆ ಜೋಡಿಸುವ ಸ್ಟ್ಯಾಂಡಿಗೆ ಒರಗಿದ್ದ. ಅದೇ ತೋಳಿನ ಬನಿಯನ್ನು, ಅದೇ ಚೌಕಳಿ ಲುಂಗಿ. ಬೆರಳ ಸಂದಿಯಲ್ಲಿ ಬೀಡಿ, ಹೊಗೆ ಬಿಟ್ಟುಕೊಂಡು ನಗುತ್ತಿದ್ದ.

"ನಿಮ್ಮವ್ವಂಗೆ ಏಳು, ಕಾಲು ಚಾಚ್ಕಂಡು ನೆಮ್ದಿಯಾಗಿ ಮಲೀಕಳ್ಲಿ, ನಂಗೇನೂ ಸಿಟ್ಟಿಲ್ಲ, ಅಂದ ಕಣವ್ವ."

ಅವ್ವನ ಕೈ ನಿಂತಿತು. ನನ್ನನ್ನೇ ನೋಡಿದಳು. ಬೀಡಿ ಸೇದುತ್ತಿದ್ದನೇ ಎಂದು ಕೇಳಿದಳು. ಹೂಂ ಎಂದೆ. ವಿವರ ಕೆಲಸ ಮಾಡಿತು ಎಂದು ಒಳಗೊಳಗೇ ಬೀಗಿದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಅವಳು ಮತ್ತೇನೂ ಕೇಳದೆ ಮೊರದಲ್ಲಿದ್ದ ಕಾಯಿಯನ್ನೆಲ್ಲ ಸುಲಿದು ಮುಗಿಸಿದಳು. ಆಮೇಲೆ ನಡುಮನೆಯಲ್ಲಿ ಚಾಪೆ ಹಾಸಿ, ಕಾಲು ಚಾಚಿ ಮಲಗಿದಳು. ಅವಳ ಗೊರಕೆ ಕೇಳಿದಾಗ ನಾನು ಹಿತ್ತಲಿಗೆ ಹೋಗಿ ಅತ್ತೆ. ಸಂತೋಷಕ್ಕೇ ಅತ್ತಿದ್ದು.

ಆ ಸಂತೋಷ ಬಹಳ ದಿನ ಬಾಳಲಿಲ್ಲ. ಬಾಣಂತನ ಮುಗಿಸಿ ಮಗುವಿನೊಂದಿಗೆ ಬಂದಿದ್ದ ತಮ್ಮನ ಹೆಂಡತಿ ಫೋನ್ ಮಾಡಿದಳು. ಅತ್ತೆ ಈಗ ಮಲಗಿದರೆ ಏಳುವುದೇ ಇಲ್ಲ ಎಂದಳು. ತಿಂಡಿ ತಿಂದು ಮಲಗುತ್ತಾಳೆ, ಉಂಡು ಮಲಗುತ್ತಾಳೆ, ತೊಟ್ಟಿಲು ತೂಗುತ್ತಾ ಹಾಗೇ ಒರಗುತ್ತಾಳೆ. ಮುಟ್ಟದೆ ಇಟ್ಟಿದ್ದ ಮಾತ್ರೆಗಳು ಈಗ ಖಾಲಿಯಾಗುತ್ತಿವೆ. ಎದ್ದ ತಕ್ಷಣ ಆಡುವ ಮೊದಲ ಮಾತು ಒಂದೇ: "ಇವತ್ತೂ ಬರ್ನಿಲ್ಲ."

ಮಗಳ ಕನಸಿಗೆ ಬಂದ ಗಂಡ ತನ್ನ ಕನಸಿಗೆ ಬರುತ್ತಿಲ್ಲ ಎಂದರೆ ಅವಳು ಏನೆಂದುಕೊಳ್ಳಬೇಕು? ಸಿಟ್ಟಿಲ್ಲ ಎಂದು ಅಪ್ಪನ ಬಾಯಲ್ಲಿ ಹೇಳಿಸಿ ಅವಳಿಗೆ ನೆಮ್ಮದಿ ಕೊಡಲು ಹೊರಟವಳು, ಅವನಿಗೆ ಸಿಟ್ಟಿದೆ ಎಂದು ದಿನಕ್ಕೆ ಮೂರು ಹೊತ್ತು ಅವಳೇ ರುಜುವಾತು ಮಾಡಿಕೊಳ್ಳುವಂತೆ ಮಾಡಿದ್ದೆ. ಆದರೂ ನಿಜ ಹೇಳಲು ಬಾಯಿ ಬರಲಿಲ್ಲ. ನಿಜ ಹೇಳಿದರೆ ಮತ್ತೆ ಗೋಡೆಗೆ ಒರಗಿ ಕೂತುಬಿಟ್ಟರೆ? ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ದೂಡಿದೆ. ಅಷ್ಟರಲ್ಲಿ ಒಂದು ದಿನ ಅವ್ವ ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ಮಾತ್ರೆ ನುಂಗಿ ಮಲಗಿದಳು. ನೀರು ಚಿಮುಕಿಸಿದರೂ ಕಣ್ಣು ಬಿಡಲಿಲ್ಲ. ತಮ್ಮ ಅವಳನ್ನು ಆಟೋದಲ್ಲಿ ರಾಮನಗರಕ್ಕೆ ಕರೆದುಕೊಂಡು ಓಡಿದ. ದೇವರ ದಯೆ, ಉಳಿದಳು. ಸಾಯಬೇಕೆಂದೇನೂ ಅಲ್ಲ, ಒಸಿ ಆಳವಾಗಿ ನಿದ್ದೆ ಬರಲಿ ಎಂದು ತೆಗೆದುಕೊಂಡೆ ಎಂದು ಡಾಕ್ಟರಿಗೆ ಹೇಳಿದಳಂತೆ.

ಅವಳನ್ನು ಮನೆಗೆ ಕರೆತಂದ ಮಧ್ಯಾಹ್ನ ನಾನು ಅವಳ ಚಾಪೆಯ ಪಕ್ಕ ಕೂತೆ. ತಮ್ಮ ಮಾತ್ರೆಯ ಪಟ್ಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ಮಗು ಮಲಗಿತ್ತು. ಹೇಳದೆ ವಿಧಿ ಇರಲಿಲ್ಲ.

"ಅವ್ವ, ಆ ಕನಸು ಸುಳ್ಳು. ನಾನೇ ಕಟ್ಟಿ ಏಳಿದ್ದು. ಅಪ್ಪ ನನ್ ಕನಸ್ಗೂ ಬಂದಿಲ್ಲ."

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಅವಳು ನನ್ನ ಕೈಯನ್ನು ತನ್ನ ಹೊಟ್ಟೆಯ ಮೇಲೆ ಎಳೆದುಕೊಂಡಳು.

"ಗೊತ್ತು ಕಣ್ ಮಗ. ಹುಳದ್ ಮನೆಗೆ ಬೀಡಿ ಸೇದ್ಕಂಡ್ ಬರೋರಾ ನಿಮ್ಮಪ್ಪ?"

ಹೊಗೆಸೊಪ್ಪು ಹುಳಕ್ಕೆ ವಿಷ. ಅದರ ವಾಸನೆ ಮೆತ್ತಿದ ಕೈ ಸೊಪ್ಪಿಗೆ ತಾಕಿದರೂ ಹುಳು ವಾಂತಿ ಮಾಡಿಕೊಂಡು ಸಾಯುತ್ತದೆ. ಅಪ್ಪ ಬೀಡಿ ಸೇದಬೇಕೆಂದರೆ ಹೊಲದಾಚೆಯ ಹುಣಸೆಮರದ ಬುಡಕ್ಕೆ ಹೋಗುತ್ತಿದ್ದ, ಸೇದಿ ಬಂದು ಸೋಪು ಹಾಕಿ ಕೈ ತೊಳೆದು, ಬಾಯಿ ಮುಕ್ಕಳಿಸಿ, ಅಂಗಿ ಬದಲಿಸಿಯೇ ಹುಳದ ಮನೆಯ ಹೊಸಿಲು ದಾಟುತ್ತಿದ್ದ. ಬೀಡಿ ಕಟ್ಟು ಜೇಬಿನಲ್ಲಿಟ್ಟುಕೊಂಡು ಬಂದ ನೆಂಟನೊಬ್ಬನನ್ನು ಅವನು ಕತ್ತು ಹಿಡಿದು ಆಚೆ ದಬ್ಬಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಆ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ನಂಬಿಸುವ ಚಪಲಕ್ಕೆ ನನ್ನ ಅಪ್ಪ ಎಂಥವನು ಎನ್ನುವುದನ್ನೇ ಮರೆತಿದ್ದೆ.

ಗೊತ್ತಿದ್ದೂ ಯಾಕೆ ಮಲಗಿದೆ, ಗೊತ್ತಿದ್ದೂ ಯಾಕೆ ಅಷ್ಟೊಂದು ಮಾತ್ರೆ ನುಂಗಿದೆ ಎಂದು ಕೇಳಿದೆ. ನನ್ನ ದನಿ ಜೋರಾಗಿತ್ತು, ಸಿಟ್ಟೂ ಬಂದಿತ್ತು. ಅವ್ವ ನನ್ನ ಕೈ ಬಿಡಲಿಲ್ಲ.

"ಸುಳ್ಳೇಳ್ದಲ್ಲ, ಆಗ್ಲೇ ತಿಳೀತು, ನಿನ್ ಕನಸ್ಗೂ ಅವ್ರು ಬರ್ನಿಲ್ಲ ಅಂತವ. ಹುಳ ಬಿಡಕ್ಕೆ ನೀ ಬರ್ನಿಲ್ವಲ್ಲ, ಅದ್ಕೆ ನಿನ್ ಮ್ಯಾಲೆ ಮುನಿಸ್ಕಂಡವ್ರೇನೋ ಅಂದ್ಕಂಡೆ. ನಂಗೆ ಸಿಕ್ರೆ ಒಂದ್ ಮಾತು ಏಳ್ಬುಡನ ಅಂತ ಮಲಗ್ತಿದ್ದೆ ಕಣವ್ವ. ಮಗೀನ್ ಮ್ಯಾಲೆ ಸಿಟ್ ಮಾಡ್ಕಬ್ಯಾಡಿ, ಅವಳ್ ಕನಸ್ಗೂ ಒಸಿ ಓಗ್ಬನ್ನಿ ಅಂತ."

ಇಷ್ಟು ದಿನ ಅವಳು ತನ್ನ ಪಾಪ ಕಳೆದುಕೊಳ್ಳಲು ಮಲಗುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ. ಅವಳು ಮಲಗುತ್ತಿದ್ದದ್ದು ನನ್ನದನ್ನು ಕಳೆಯಲು. ನಾನು ಬರಲಿಲ್ಲ ಎನ್ನುವುದನ್ನು ಅವಳು ಒಂದು ದಿನವೂ ಮರೆತಿರಲಿಲ್ಲ, ಒಂದು ದಿನವೂ ಆಡಿ ತೋರಿಸಿರಲಿಲ್ಲ. ಅವಳ ಹೊಟ್ಟೆಯ ಮೇಲೆ ಮುಖವಿಟ್ಟು ಬರಬೇಕಿತ್ತು ಕಣವ್ವ, ನಾನು ಬರಬೇಕಿತ್ತು ಎಂದು ಅತ್ತೆ. ಹೂಂ, ಬರಬೇಕಿತ್ತು ಎಂದಳು ಅವ್ವ. ಇಲ್ಲ ಬಿಡು ಎಂದು ಸಮಾಧಾನ ಮಾಡಲಿಲ್ಲ. ಬೆನ್ನು ಮಾತ್ರ ಸವರುತ್ತಿದ್ದಳು.

ನಾನು ಅತ್ತು ಸಾಕಾದ ಮೇಲೆ ಅವಳು ಎದ್ದು ಕೂತು, ಚಾಪೆಯ ಮೇಲೆ ಜಾಗ ಬಿಟ್ಟುಕೊಟ್ಟಳು.

"ನೀನು ಮಲೀಕೊ. ನಾನು ಎಚ್ಚರಾಗಿರ್ತೀನಿ."

ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಮಲಗಿದೆ. ಚಾಪೆ ಅವಳ ಮೈಯ ಬಿಸಿಗೆ ಇನ್ನೂ ಬೆಚ್ಚಗಿತ್ತು. ಕಣ್ಣು ಮುಚ್ಚಿಕೊಂಡು ಉಸಿರನ್ನು ನಿದ್ದೆ ಹೋದವರಂತೆ ನಿಧಾನವಾಗಿ ಬಿಟ್ಟೆ. ಬಹಳ ಹೊತ್ತು ಹಾಗೇ ಇದ್ದೆ. ಕೊನೆಗೆ ಅವ್ವ ನನ್ನ ಹಣೆಯ ಕೂದಲನ್ನು ಹಿಂದಕ್ಕೆ ಸರಿಸಿ, ಬಂದರೇನವ್ವ ಎಂದು ಮೆಲ್ಲಗೆ ಕೇಳಿದಳು. ಈ ಸಲ ಸುಳ್ಳು ಹೇಳಲಿಲ್ಲ. ಇಲ್ಲ ಎಂದೆ.