ಅಡ್ಡಹೆಸರಿಗೆ ಕಳಿಸಿದ ಟಪಾಲು

೧೯೯೨, ಆಗಸ್ಟ್ ತಿಂಗಳ ಒಂದು ಶುಕ್ರವಾರ, ಬೆಳಿಗ್ಗೆ ಒಂಬತ್ತು ಗಂಟೆ. ಗೋರೆಗಾಂವ್‌ನಲ್ಲಿದ್ದ ನಮ್ಮ ಸಂಶೋಧನಾ ಸಂಸ್ಥೆಯ ಕಂಪ್ಯೂಟರ್ ಕೋಣೆ. ಹಾಜರಿದ್ದವರು: ಕೋಣೆಯ ಹೊಣೆ ಹೊತ್ತ ನಾನು, ಬೆಂಗಳೂರಿನವರಾದ ವಿಭಾಗದ ಮುಖ್ಯಸ್ಥರು, ಧಾರವಾಡ ಕಡೆಯ ಒಬ್ಬ ಸಂಶೋಧಕಿ.

ಜರ್ಮನಿಯ ಪ್ರಯೋಗಾಲಯವೊಂದು ಆಕೆಗೆ ಆರು ತಿಂಗಳ ಕೆಲಸ ಕೊಡಲು ಒಪ್ಪಿತ್ತು. ಷರತ್ತುಗಳ ಪತ್ರ ಇ-ಮೇಲ್‌ನಲ್ಲಿ ಬರುತ್ತದೆ, ಈ ಶುಕ್ರವಾರ ಸಂಜೆಯೊಳಗೆ ಒಪ್ಪಿಗೆ ಮುಟ್ಟಬೇಕು ಎಂದು ಮೊದಲೇ ತಿಳಿಸಿದ್ದರು. ಒಪ್ಪಿಗೆ ಕಳಿಸಲು ಮುಖ್ಯಸ್ಥರು ಅನುಮತಿಗೆ ಸಹಿ ಹಾಕಬೇಕಿತ್ತು. ಪತ್ರ ಮಾತ್ರ ಬಂದಿರಲಿಲ್ಲ.

"ನಾ ಬರದದ್ದು ಹೋಗತೈತ್ರಿ ಸರ್. ಅವರ ಉತ್ತರನ ಬರವಲ್ದು" ಎಂದಳು.

"ಏನ್ರೀ ಬೆಳಿಗ್ಗೆ ಬೆಳಿಗ್ಗೆ ಪಂಚಾಯ್ತಿ?" ಎಂದರು ಮುಖ್ಯಸ್ಥರು. "ಮೊನ್ನೆ ಬಾಂದ್ರಾದ ಸ್ನೇಹಿತರ ಆಫೀಸಿಂದ ನಾನೇ ಟೆಸ್ಟ್ ಮಾಡಿದ್ದೀನಿ. ಮೇಲ್ ಬಂತಲ್ಲ!"

"ಬಾಂದ್ರಾದಾಗ ನನಗ ಕೆಲಸ ಕೊಡಾವ್ರು ಯಾರೂ ಇಲ್ರಿ."

ಕಾರಣ ನನಗೆ ಗೊತ್ತಿತ್ತು. ಹಿಂದಿನ ತಿಂಗಳು ಹಳೆಯ ಯಂತ್ರ ತೆಗೆದು ಹೊಸದನ್ನು ಹಾಕಿದ್ದೆವು. ಹೊಸದಕ್ಕೆ ಹೊಸ ಹೆಸರು. ಆದರೆ ಸಾಹೇಬರ, ಅಂದರೆ ಮುಖ್ಯಸ್ಥರ, ವಿಸಿಟಿಂಗ್ ಕಾರ್ಡಿನಲ್ಲಿ ಹಳೆಯ ಹೆಸರು ಅಚ್ಚಾಗಿತ್ತು. ಅದು ಎಲ್ಲಿಯೂ ಅಳಿಯಕೂಡದೆಂದು ಅಪ್ಪಣೆಯಾಯಿತು. ಹಳೆಯ ಹೆಸರು ಹೊಸ ಯಂತ್ರದ ಅಡ್ಡಹೆಸರಾಯಿತು; ಟಪಾಲಿನ ದಾಖಲೆಯಲ್ಲೂ ಅದೇ ಉಳಿಯಿತು.

ಜಗತ್ತಿನ ಕಂಪ್ಯೂಟರುಗಳು ನಮ್ಮನ್ನು ಹುಡುಕುವುದು ನಾವೇ ಬರೆದಿಟ್ಟ ದಾಖಲೆಗಳಿಂದ. ಎ ದಾಖಲೆ ಹೆಸರಿಗೆ ಸಂಖ್ಯೆ ಹೇಳುತ್ತದೆ, ಮನೆಗೆ ಖೋಲಿ ನಂಬರ್ ಇದ್ದಂತೆ. ಸಿನೇಮ್ ಎಂದರೆ ಅಡ್ಡಹೆಸರು. ಎನ್‌ಎಸ್ ದಾಖಲೆ ವಿಚಾರಿಸಬೇಕಾದ್ದು ಯಾರನ್ನು ಎಂದು ತಿಳಿಸಿದರೆ, ಎಂಎಕ್ಸ್ ಟಪಾಲು ಯಾರ ಕೈಗೆ ಕೊಡಬೇಕೆಂದು ತಿಳಿಸುತ್ತದೆ.

ನಾನಿದ್ದ ಜೋಗೇಶ್ವರಿಯ ಸಾಲುಕೋಣೆಗಳ ಚಾಳಿನಲ್ಲಿ ಪೋಸ್ಟ್‌ಮನ್ ಮಹಡಿ ಹತ್ತುತ್ತಿರಲಿಲ್ಲ. ಎಲ್ಲರ ಕಾಗದವನ್ನೂ ಕೆಳಗಿನ ಹಿಟ್ಟಿನ ಗಿರಣಿಯವನ ಕೈಗೆ ಹಾಕುತ್ತಿದ್ದ. ಗಿರಣಿಯವನನ್ನು ಚಾಳೆಲ್ಲ ಕರೆಯುತ್ತಿದ್ದುದು ಭಾವೂ, ಅಂದರೆ ಅಣ್ಣ, ಎಂದು; ವಿಳಾಸದಲ್ಲೂ ಅದನ್ನೇ ಬರೆಸುತ್ತಿದ್ದರು. ಹಳೆಯ ಪೋಸ್ಟ್‌ಮನ್‌ಗೆ ಅಷ್ಟು ಸಾಕಿತ್ತು. ಬದಲಿಗೆ ಬಂದವನು "ಕೌನ್ ಭಾವೂ?" ಎಂದು ಕಟ್ಟನ್ನು ಹಾಗೆಯೇ ಹಿಂದಕ್ಕೆ ಒಯ್ಯುತ್ತಿದ್ದ. ಎಂಎಕ್ಸ್‌ನಲ್ಲಿ ಅಡ್ಡಹೆಸರು ಇರಬಾರದೆಂಬ ನಿಯಮ ಅದಕ್ಕೇ. ಬಾಂದ್ರಾದ ಯಂತ್ರ ಹಳೆಯ ಪೋಸ್ಟ್‌ಮನ್, ಜರ್ಮನಿಯದು ಬದಲಿಯವನು. ಇದನ್ನು ಸಾಹೇಬರಿಗೆ ಹಿಂದಿನ ತಿಂಗಳೇ ಹೇಳಿದ್ದೆ. "ನಿಮ್ಮ ಚಾಳಿನ ಕಥೆ ಆಮೇಲೆ" ಎಂದಿದ್ದರು.

ಈಗ ಮಾತ್ರ, "ಸರಿ, ತಿದ್ದಿ ಬಿಡಿ. ಅದಕ್ಯಾಕೆ ಇಷ್ಟು ದೊಡ್ಡ ಮುಖ?" ಎಂದರು.

"ತಿದ್ದುತ್ತೇನೆ. ಆದರೆ ಹೊರಗಿನ ಯಂತ್ರಗಳು ಒಮ್ಮೆ ಕೇಳಿದ ಉತ್ತರವನ್ನು ಒಂದು ವಾರ ನೆನಪಿಟ್ಟುಕೊಳ್ಳುತ್ತವೆ. ನಮ್ಮ ಲೈನ್ ನಿಧಾನ, ಪದೇಪದೇ ಕೇಳದಿರಲಿ ಅಂತ ಆ ಅವಧಿ ಇಡಿಸಿದವರು ನೀವೇ. ಇವತ್ತು ಜರ್ಮನಿಯಿಂದ ಏನೂ ಬರಲಾರದು" ಎಂದೆ.

ಆಕೆ ತಟ್ಟನೆ ಹೇಳಿದಳು: "ಹಂಗಾರ ಪತ್ರ ನೋಡದನ ಒಪ್ಪಿಗಿ ಬರೀತೀನ್ರಿ. ಹೋಗೂದು ಹೋಗತೈತಲ್ಲ? ನೀವು ಸಹಿ ಹಾಕ್ರಿ ಸಾಕು."

"ಪತ್ರ ನೋಡದೆ ಸಹಿ ಹಾಕೋಕಾಗುತ್ತೇನಮ್ಮಾ? ರೂಲ್ ಅಂದ್ರೆ ರೂಲ್."

ಎಂಎಕ್ಸ್‌ನ ನಿಯಮ ಕಾರ್ಡಿಗೋಸ್ಕರ ಬಗ್ಗಿತ್ತು. ಇದು ಬಗ್ಗಲಿಲ್ಲ. ಶಿಸ್ತಿನಲ್ಲೇ ಬೆಳೆದ ನನಗೆ ಆ ಮಾತು ಅಂದಿನಷ್ಟು ಹೊಲಸಾಗಿ ಎಂದೂ ಕೇಳಿಸಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಇನ್ನೊಮ್ಮೆ ಅವರ ಕೋಣೆಗೆ ಹೋಗಿ ಸಹಿ ಕೇಳಿದೆ; ಒಪ್ಪಲಿಲ್ಲ. ಸಂಜೆ ಅವರು ಎಂದಿನ ಲೋಕಲ್ ಹಿಡಿಯಲು ಹೊರಟುಹೋದರು.

ಆಕೆ ಸ್ಟೂಲಿನ ಮೇಲೆ ಕುಳಿತೇ ಇದ್ದಳು. ನಾನು ಎಂಎಕ್ಸ್‌ನ ಸಾಲಿನಿಂದ ಅಡ್ಡಹೆಸರು ಅಳಿಸಿ ಯಂತ್ರದ ನಿಜವಾದ ಹೆಸರು ಬರೆದೆ. ನೆನಪಿನ ಅವಧಿಯನ್ನು ವಾರದಿಂದ ಗಂಟೆಗೆ ಇಳಿಸಿದೆ.

"ದಾರಿ ಸರಿ ಆತೇನ್ರಿ?" ಎಂದಳು.

"ಆಯಿತು."

"ಚಲೋ ಆತು ಬಿಡ್ರಿ. ಇನ್ನ ಸಾಹೇಬರ ಕಾರ್ಡಿಗೆ ಬೇಕಾದಷ್ಟು ಟಪಾಲು ಬರಲಿ."

ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ಯಂತ್ರಕ್ಕೆ ಧೂಳಿನ ಹೊದಿಕೆ ಹಾಕಿ, ಫ್ಯಾನ್ ನಿಲ್ಲಿಸಿ, ಕೋಣೆಗೆ ಬೀಗ ಹಾಕಿದೆ.