ಒಂದನೆಯ ನರ ಮತ್ತು ಮೆಣಸಿನಕಾಯಿಯ ಸಾಕ್ಷಿ

ನಾನು ರಾಣೆಬೆನ್ನೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಮೆದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳನ್ನು ಬೋರ್ಡಿನ ಮೇಲೆ ಬರೆದು ಬರೆದು ಕೈ ಸೋತಿದೆ. ಒಂದನೆಯದು ವಾಸನೆಯದು, ಎರಡನೆಯದು ನೋಟದ್ದು, ಐದನೆಯದು ಮುಖದ ಸ್ಪರ್ಶ, ನೋವು, ಉರಿಯದ್ದು, ಎಂಟನೆಯದು ಕಿವಿಯದ್ದು. ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಾರೆ. ಆ ಮಗ್ಗಿಯ ಮೊದಲನೆಯ ನರ ನನ್ನದೇ ತಲೆಯೊಳಗೆ ಹರಿದುಹೋದಾಗ ನನ್ನ ಮನೆಯಲ್ಲಿ ಯಾರೂ ನನ್ನ ಮಾತು ನಂಬಲಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ. ಆರಲಿ ಎಂಬ ಆಸೆಯೂ ನನಗಿಲ್ಲ.

ಬಿದ್ದದ್ದು ಬ್ಯಾಡಗಿಯಲ್ಲೇ, ನಮ್ಮ ಮನೆಯಿಂದ ಕೂಗಳತೆಯ ದೂರದಲ್ಲಿ. ಗಂಡನ ಬೈಕಿನ ಹಿಂದೆ ಕುಳಿತಿದ್ದೆ. ಫೋನಿನಲ್ಲಿ ಯಾರಿಗೋ ಮೆಣಸಿನಕಾಯಿಯ ದರ ಹೇಳುತ್ತಾ ಅವರು ಹಂಪ್ ನೋಡದೆ ಗಾಡಿ ಹಾರಿಸಿದರು. ನಾನು ಹಿಂದಕ್ಕೆ ಉರುಳಿ ತಲೆಯ ಹಿಂಭಾಗ ಡಾಂಬರಿಗೆ ಬಡಿಯಿತು. ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ರಕ್ತ ಹೆಪ್ಪುಗಟ್ಟಿಲ್ಲ, ಎಲುಬು ಸೀಳಿಲ್ಲ, ಎಲ್ಲ ಸರಿಯಾಗಿದೆ ಎಂದು ಮನೆಗೆ ಕಳಿಸಿದರು. "ಸ್ಕ್ಯಾನಿನಾಗ ಏನೂ ಇಲ್ಲ" ಎಂಬುದು ಅಂದಿನಿಂದ ನನ್ನ ಗಂಡನ ಮಂತ್ರವಾಯಿತು.

ಅದು ಮೆಣಸಿನಕಾಯಿಯ ಸುಗ್ಗಿ. ಪರ ಊರಿನವರು ಬ್ಯಾಡಗಿಗೆ ಕಾಲಿಟ್ಟ ಕೂಡಲೇ ಮೂಗಿಗೆ ಕರವಸ್ತ್ರ ಹಿಡಿಯುವ ದಿನಗಳು. ಆಸ್ಪತ್ರೆಯಿಂದ ಮರಳುವಾಗ ಮಾರುಕಟ್ಟೆಯ ಪಕ್ಕದಲ್ಲಿ ಆಟೋ ಹೋಯಿತು. ನನಗೂ ಸೀನು ಬಂತು, ಕಣ್ಣಲ್ಲಿ ನೀರು ಬಂತು. ಆದರೆ ಒಣಗಿದ ಕಾಯಿಗೆ ಒಂದು ವಾಸನೆ ಇದೆಯಲ್ಲ, ಸ್ವಲ್ಪ ಸಿಹಿ ಬೆರೆತದ್ದು, ಮದುವೆಯಾಗಿ ಬಂದಂದಿನಿಂದ ನನ್ನ ಸೀರೆಗಳಿಗೆಲ್ಲ ಹತ್ತಿಕೊಂಡದ್ದು, ಅದು ಬರಲಿಲ್ಲ. ಉರಿ ಇತ್ತು, ಮೆಣಸಿನಕಾಯಿ ಇರಲಿಲ್ಲ. ಮನೆಗೆ ಬಂದು ಊದಿನಕಡ್ಡಿ ಹಚ್ಚಿದೆ, ಬೆಳ್ಳುಳ್ಳಿ ಜಜ್ಜಿದೆ, ಕಾಫಿಪುಡಿಯ ಡಬ್ಬಿಯಲ್ಲಿ ಮೂಗು ತೂರಿಸಿದೆ. ಎಲ್ಲವೂ ಬರೀ ಗಾಳಿ.

ಏನಾಗಿದೆ ಎಂದು ನನಗೆ ಆಗಲೇ ಗೊತ್ತಾಯಿತು. ಮೂಗಿನ ಮಾಳಿಗೆಯಲ್ಲಿ ಜರಡಿಯಂತೆ ತೂತುಗಳಿರುವ ಒಂದು ತೆಳು ಎಲುಬಿದೆ. ಆ ತೂತುಗಳೊಳಗಿಂದ ವಾಸನೆಯ ನರದ ಸಣ್ಣ ಎಳೆಗಳು ಮೇಲೇರಿ ಮೆದುಳನ್ನು ಸೇರುತ್ತವೆ. ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದಾಗ ಮೆದುಳು ಜಗ್ಗಿದಂತಾಗಿ ಆ ಎಳೆಗಳು ಹರಿಯಬಹುದು. ಸ್ಕ್ಯಾನಿನಲ್ಲಿ ಅದು ಕಾಣಲೇಬೇಕೆಂದಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ನನ್ನ ಹುಣ್ಣು ಅಂಗೈಯಲ್ಲಿರಲಿಲ್ಲ.

ಮರುದಿನ ಬೇಳೆ ತಳ ಹಿಡಿಯಿತು. ನಾನು ಪಕ್ಕದಲ್ಲೇ ನಿಂತು ರೊಟ್ಟಿ ಬಡಿಯುತ್ತಿದ್ದೆ, ತಿಳಿಯಲಿಲ್ಲ. ಪಡಸಾಲೆಯಿಂದ ಅತ್ತೆ ಓಡಿಬಂದರು.

"ನನಗ ವಾಸನೀನ ಬರವಲ್ದರಿ ಅತ್ತಿ," ಅಂದೆ.

"ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ," ಅಂದರು. ಆಮೇಲೆ ಏನೋ ಹೊಳೆದು, "ತಡಿ, ನೆದರ ಆಗಿರಬೇಕು. ತಗದ ಬಿಡ್ತೇನಿ," ಎಂದರು.

ನಮ್ಮ ಕಡೆ ದೃಷ್ಟಿಗೆ ನೆದರು ಅನ್ನುತ್ತಾರೆ. ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಕೆಂಡಕ್ಕೆ ಹಾಕುತ್ತಾರೆ. ಕಾಯಿ ಸುಟ್ಟರೂ ಘಾಟು ಬರದಿದ್ದರೆ ನೆದರು ಆಗಿದೆ ಎಂದರ್ಥ, ಬಂದರೆ ಆಗಿಲ್ಲ. ಅವತ್ತು ಘಾಟು ಮನೆ ತುಂಬ ಎದ್ದಿತು. ಅತ್ತೆ ಕೆಮ್ಮಿದರು, ಗಂಡ ಕೆಮ್ಮಿದರು, ಎಲ್ಲರಿಗಿಂತ ಹೆಚ್ಚು ನಾನೇ ಕೆಮ್ಮಿದೆ. ಅತ್ತೆ ಒಂದೇ ಕೆಂಡದಲ್ಲಿ ಎರಡು ತೀರ್ಪು ಕೊಟ್ಟರು. "ನೆದರೂ ಆಗಿಲ್ಲ, ಮೂಗೂ ಹೋಗಿಲ್ಲ. ಅಡಗಿ ಮನಿ ತಪ್ಪಿಸ್ಕೊಳ್ಳಾಕ ಹೂಡಿದ ನಾಟಕ ಇದು."

ಗಂಡ ಮೆಣಸಿನಕಾಯಿಯ ದಲಾಲರು. ಪರೀಕ್ಷೆ ಪಕ್ಕಾ ಆಗಬೇಕಲ್ಲ! ಮರುದಿನ ಅಂಗಡಿಯಿಂದ ಪೊಟ್ಟಣ ಕಟ್ಟಿಕೊಂಡು ಬಂದರು. "ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮಿ. ಇದು ಗುಂಟೂರದ್ದು," ಎಂದು ಪುಡಿಯನ್ನು ನನ್ನ ಮೂಗಿಗೇ ಹಿಡಿದರು. ನಾನು ಸೀನಿ ಸೀನಿ ಗೋಡೆ ಹಿಡಿದು ನಿಂತೆ.

"ವಾಸನಿ ಬರದಿದ್ರ ಕಣ್ಣಾಗ ನೀರ ಯಾಕ ಬಂತು? ಮೆಣಸಿನಕಾಯಿ ಸುಳ್ಳ ಹೇಳಂಗಿಲ್ಲ."

ಹೇಳಿದೆ. ವಾಸನೆ ಹೋಗುವುದು ಒಂದನೆಯ ನರದಲ್ಲಿ, ಖಾರದ ಉರಿ ಹೋಗುವುದು ಐದನೆಯದರಲ್ಲಿ, ಗಂಟಲಿನ ಕೆಮ್ಮು ಹತ್ತನೆಯದರ ಕೆಲಸ. ಒಂದೇ ಮೂಗಿನಲ್ಲಿ ಎರಡು ದಾರಿ ಇವೆ, ನನ್ನದು ಒಂದು ಮುಚ್ಚಿದೆ, ಇನ್ನೊಂದು ಚೆನ್ನಾಗಿದೆ. ಹದಿನೇಳು ವರ್ಷದ ಮಕ್ಕಳಿಗೆ ಒಂದೇ ಪಾಠದಲ್ಲಿ ಅರ್ಥವಾಗುವ ಮಾತು ಇದು.

"ನಿನ್ನ ಪಾಠ ಕಾಲೇಜಿನಾಗ ಇಟ್ಕೊ," ಎಂದರು. ಮೈಯೆಲ್ಲ ಉರಿದುಹೋಯಿತು. ಅದೇ ಪಾಠದ ಸಂಬಳ ಮನೆಗೆ ಬಂದಾಗ ಅದನ್ನು ಕಾಲೇಜಿನಲ್ಲೇ ಇಟ್ಟುಕೋ ಎಂದು ಯಾರೂ ಅಂದಿರಲಿಲ್ಲ.

ಸುದ್ದಿ ಬಳಗದಲ್ಲೆಲ್ಲ ಹಬ್ಬಿತು. ಶನಿವಾರ ಕದರಮಂಡಲಗಿಗೆ ಹೋದರೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಗಂಡನ ಚಿಗವ್ವ, "ಏನವಾ, ಮೂಗು ತಿರುಗಿ ಬಂತೇನು?" ಎಂದು ಕೇಳಿದರು. ಸುತ್ತಲಿದ್ದವರೆಲ್ಲ ನಕ್ಕರು. ಗಂಡನೂ ನಕ್ಕರು. ನಾನು ಪ್ರಸಾದ ಬಾಯಿಗೆ ಹಾಕಿಕೊಂಡೆ. ಸಿಹಿ ಮಾತ್ರ ತಿಳಿಯಿತು, ಏಲಕ್ಕಿಯೂ ಇಲ್ಲ, ತುಪ್ಪವೂ ಇಲ್ಲ. ನಾಲಿಗೆಗೆ ಗೊತ್ತಿರುವುದು ಸಿಹಿ, ಉಪ್ಪು, ಹುಳಿ, ಕಹಿಯಂಥ ನಾಲ್ಕಾರು ಸಂಗತಿ. ಉಳಿದ ರುಚಿಯೆಲ್ಲ ಮೂಗಿನದು. ಬೇರೆ ಇಂದ್ರಿಯಗಳ ಸುದ್ದಿ ಮೆದುಳಿನ ನಡುಮನೆಯಾದ ಥಾಲಮಸ್‌ನಲ್ಲಿ ಮೊದಲು ನಿಂತು ಮುಂದೆ ಹೋಗುತ್ತದೆ. ವಾಸನೆ ಮಾತ್ರ ಅಲ್ಲಿ ನಿಲ್ಲದೆ ನೆನಪು, ಭಾವನೆಗಳ ಕೋಣೆಗೆ ನೇರ ನುಗ್ಗುತ್ತದೆ. ಹಾಗಾಗಿ ನಾನು ಕಳೆದುಕೊಂಡದ್ದು ಬರೀ ಒಗ್ಗರಣೆಯ ಘಮವಲ್ಲ. ತೀರಿಹೋದ ನನ್ನ ಅವ್ವನ ಒಂದು ಸೀರೆಯನ್ನು ಒಗೆಯದೆ ಟ್ರಂಕಿನಲ್ಲಿ ಇಟ್ಟಿದ್ದೆ. ಅದನ್ನು ಮುಖಕ್ಕೆ ಒತ್ತಿಕೊಂಡರೆ ಬಟ್ಟೆ ತಗುಲಿತು, ಅವ್ವ ಬರಲಿಲ್ಲ. ಇದನ್ನು ಯಾರಿಗೆ ಹೇಳಲಿ? ನಗುವವರಿಗೆ ಹೇಳಲಿಲ್ಲ.

ನಾನು ಕೇಳಿದ್ದು ಒಂದೇ ಉಪಕಾರ. ಬೆಳಿಗ್ಗೆ ನಾನು ಒಲೆ ಹಚ್ಚುವ ಮುಂಚೆ ಯಾರಾದರೂ ಅಡುಗೆಮನೆಗೆ ಬಂದು ಗ್ಯಾಸಿನ ವಾಸನೆ ಇದೆಯೇ ಎಂದು ನೋಡಿ ಹೋಗಿ. ಅತ್ತೆ ಕೇಳಿಸದವರಂತೆ ಹೂ ಕಟ್ಟುತ್ತಾ ಕುಳಿತರು. ಗಂಡ, "ದಿನಾ ಇದ ಆತು ನಿಂದು," ಎಂದು ಎದ್ದುಹೋದರು.

ಒಂದು ಮುಂಜಾನೆ ಚಹಾಕ್ಕೆ ಪಾತ್ರೆ ಇಟ್ಟು ಲೈಟರ್ ಕೈಗೆತ್ತಿಕೊಂಡಿದ್ದೆ. ಹಿತ್ತಲ ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮುಸಲ್ಮಾನರ ಮನೆಯ ಹೆಂಗಸು ಕಿಟಕಿಯ ಕಡೆ ತಿರುಗಿ ಚೀರಿದರು. "ಅಕ್ಕಾರ, ಹಚ್ಚಬ್ಯಾಡ್ರಿ! ಗ್ಯಾಸ್ ವಾಸನಿ ಭಾಳ ಬರಾಕತ್ತೈತಿ!" ಸಿಲಿಂಡರ್ ಬಂದ್ ಮಾಡಿ ಬಾಗಿಲು ತೆರೆದು ನೋಡಿದರೆ ರಬ್ಬರ್ ಪೈಪು ಸೀಳಿತ್ತು. ಸದ್ದಿಗೆ ಎದ್ದುಬಂದ ಅತ್ತೆ ಪೈಪನ್ನು ನೋಡಿದರು, ನನ್ನನ್ನು ನೋಡಿದರು.

"ತನ್ನ ಮಾತು ಖರೇ ಮಾಡಾಕ ಮನಿಗೆ ಬೆಂಕಿ ಹಚ್ಚಾಕೂ ಹೇಸಂಗಿಲ್ಲ ಈಕಿ."

ಪಕ್ಕದಲ್ಲಿದ್ದ ತಟ್ಟೆಯನ್ನು ಅಂಗಳಕ್ಕೆ ಬೀಸಿ ಎಸೆದೆ. ಹಾಗೆ ಮಾಡಿದ್ದು ಜೀವಮಾನದಲ್ಲಿ ಅದೇ ಮೊದಲು. ಓಡಿಬಂದ ಗಂಡನಿಗೆ, "ಈಗಿಂದೀಗ ಹಾವೇರಿಗೆ ನಡೀರಿ, ನರದ ಡಾಕ್ಟರ ಕಡೆ. ಇಲ್ಲಾಂದ್ರ ಇವತ್ತಿಂದ ಈ ಮನ್ಯಾಗ ನಾ ಒಲಿ ಹಚ್ಚಂಗಿಲ್ಲ," ಅಂದೆ.

ಹಾವೇರಿಯ ಡಾಕ್ಟರು ನನ್ನ ಕಣ್ಣು ಮುಚ್ಚಿಸಿ, ಒಂದೊಂದೇ ಹೊಳ್ಳೆಗೆ ಕಾಫಿಪುಡಿ, ಲವಂಗ, ಸಾಬೂನು ಹಿಡಿದರು. ಏನೂ ಇಲ್ಲ ಅಂದೆ. ಕೊನೆಗೆ ಒಂದು ಸೀಸೆ ಹಿಡಿದರು. ತಲೆ ಹಿಂದಕ್ಕೆ ಹಾರಿತು, ಕಣ್ಣಲ್ಲಿ ನೀರು ಬಂತು. ನನ್ನ ಗಂಡ ಕುರ್ಚಿಯಿಂದ ಅರ್ಧ ಎದ್ದು, "ನೋಡ್ರಿ ಸರ, ಬಂತಲ್ಲ!" ಎಂದರು.

"ಬರಲೇಬೇಕು ಸರ. ಇದು ಅಮೋನಿಯಾ," ಅಂದರು ಡಾಕ್ಟರು. "ಇದರ ಉರಿ ಐದನೇ ನರದ್ದು, ವಾಸನಿ ನರದ್ದಲ್ಲ. ನಾಟಕ ಮಾಡೋರಿಗೆ ಆ ಫರಕ ಗೊತ್ತಿರಂಗಿಲ್ಲ. ಇದನ್ನ ಹಿಡಿದ್ರೂ ಏನೂ ಆಗಲಿಲ್ಲ ಅಂತಾರ. ನಿಮ್ಮ ಮನೆಯವರು ಖರೇ ಹೇಳಾಕತ್ತಾರ."

ಅಂದರೆ ಆ ಕೆಂಡದ ಮುಂದೆ ನಾನು ಕೆಮ್ಮಿದ ಕೆಮ್ಮು ನನ್ನ ಪರವಾಗಿಯೇ ಇತ್ತು. ಅದನ್ನೇ ಹಿಡಿದು ನನ್ನನ್ನು ಸುಳ್ಳಿ ಮಾಡಿದ್ದರು.

ಗಂಡ ಮನೆಗೆ ಬಂದವರೇ ತಾಯಿಯನ್ನು ಕೂರಿಸಿಕೊಂಡು, "ಅವ್ವಾ, ಮೂಗಿನಾಗ ಎರಡು ದಾರಿ ಇರ್ತಾವಂತ, ಒಂದು ವಾಸನೀದು, ಒಂದು ಉರೀದು," ಎಂದು ಶುರು ಮಾಡಿದರು. ನನ್ನದೇ ಪಾಠ, ನನ್ನದೇ ಮಾತು. ಅತ್ತೆ ತಲೆದೂಗುತ್ತಾ ಕೇಳಿದರು, ಒಂದು ಸಲವೂ ಅಡ್ಡ ಬಾಯಿ ಹಾಕಲಿಲ್ಲ. ಎಲ್ಲ ಕೇಳಿ ನನ್ನ ಕಡೆ ತಿರುಗಿ, ನಿಜವಾದ ಮರುಕದಿಂದಲೇ ಅಂದರು, "ಅಯ್ಯ ಪಾಪ. ಇಷ್ಟ ಆಗಿತ್ತಂದ್ರ ಮೊದಲ ಬಾಯಿ ಬಿಟ್ಟ ಹೇಳಬಾರದೇನವಾ?"

ಕೆಲವರಿಗೆ ವರ್ಷದೊಳಗೆ ವಾಸನೆ ಮರಳುತ್ತದೆ ಎಂದು ಡಾಕ್ಟರು ಹೇಳಿದ್ದರು. ನನಗೆ ಮರಳಿಲ್ಲ. ಈಗ ಹಾಲು ಕೆಟ್ಟಿದೆಯೇ, ಅನ್ನ ಹಳಸಿದೆಯೇ, ನನ್ನ ರವಿಕೆಗೆ ಬೆವರಿನ ನಾತ ಹತ್ತಿದೆಯೇ, ಎಲ್ಲವನ್ನೂ ಅತ್ತೆಯನ್ನು, ಗಂಡನನ್ನೇ ಕೇಳಬೇಕು. ದಿನಾ ಬೆಳಿಗ್ಗೆ ಗಂಡ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಮೂಗೆಳೆದು, "ಏನೂ ಇಲ್ಲ, ಹಚ್ಚು," ಅನ್ನುತ್ತಾರೆ. ನಾನು ಅವರ ಮಾತಿಗೆ ಯಾವ ಸಾಕ್ಷಿಯನ್ನೂ ಕೇಳದೆ ಹಚ್ಚುತ್ತೇನೆ.